ಇಜಿಟಿ (ಇಂಜಿನ್ ಎಕ್ಸಾಸ್ಟ್ ಗ್ಯಾಸಿನ ಬಿಸಿ) ಪ್ರೋಬ್‌ಗೆ ತಾಮ್ರದ ವೈರ್ ಹಾಕಿದ್ರೆ?

ಮೂರನೇ ಸಿಲಿಂಡರ್ ಇಜಿಟಿ ಮಾತ್ರ ಕಮ್ಮಿ ತೋರಿಸ್ತಿದೆ, ವೈರ್ ಸಾಲದೆ ಮಾಮೂಲಿ ತಾಮ್ರದ ವೈರ್ ಜೋಡಿಸಿದೀನಿ ಅಂದ್ರಲ್ಲ ಸರ್, ಸಮಸ್ಯೆ ಅಲ್ಲೇ ಇರೋದು. ಪ್ರೋಬ್ ಕೆ ಟೈಪ್ ಥರ್ಮೋಕಪಲ್ (ಎರಡು ಬೇರೆ ಲೋಹದ ವೈರ್ ಸೇರಿಸಿ, ತುದಿಗಳ ಬಿಸಿಯ ವ್ಯತ್ಯಾಸ ಅಳೆಯೋ ಸೆನ್ಸರ್) ಆದ್ರೆ ಮಾನಿಟರ್ ತನಕ ಕೆ ಟೈಪ್ ವೈರೇ ಹೋಗ್ಬೇಕು. ಈಗ ನಿಮ್ಮ ಜಾಯಿಂಟ್ ಇಂಜಿನ್ ಹತ್ರ 60 ಡಿಗ್ರಿಲಿದೆ, ಪ್ಯಾನೆಲ್ ಹಿಂದೆ 25 ಇದೆ ಅಂದ್ಕೊಳಿ, ಮಾನಿಟರ್‌ಗೆ ಆ 60 ಗೊತ್ತೇ ಆಗಲ್ಲ, ತನ್ನ ಹತ್ರದ 25 ಅಷ್ಟೇ ಸೇರಿಸ್ಕೊಳತ್ತೆ, ಸುಮಾರು 35 ಡಿಗ್ರಿ ಕಮ್ಮಿ ಬರತ್ತೆ. ಇಂಜಿನ್ ಕಾದಷ್ಟೂ ತಪ್ಪು ಜಾಸ್ತಿ.

ಇನ್ನೊಂದು, ಅಮೆರಿಕನ್ ಕಲರ್ ಕೋಡಲ್ಲಿ ಕೆ ಟೈಪ್‌ಗೆ ಹಳದಿ ಪ್ಲಸ್ಸು, ಕೆಂಪು ಮೈನಸ್ಸು! ಬ್ಯಾಟರಿ ವೈರಿಂಗ್ ಅಭ್ಯಾಸದಲ್ಲಿ ಉಲ್ಟಾ ಕೊಟ್ರೆ ಇಂಜಿನ್ ಬಿಸಿಯಾದಂಗೆ ರೀಡಿಂಗ್ ಇಳಿಯತ್ತೆ. ಸಿಎಚ್‌ಟಿ (ಸಿಲಿಂಡರ್ ಹೆಡ್ ಬಿಸಿ) ಪ್ರೋಬು ಜೆ ಟೈಪ್ ಇರ್ಬೋದು, ಬಿಳಿ-ಕೆಂಪು ವೈರು, ಅದಕ್ಕೆ ಈ ಹಳದಿ ವೈರ್ ಸೇರಿಸ್ಬೇಡಿ.