ಶಾಲೆಯ ಅನುದಾನದಲ್ಲಿ ಬರೀ ಶೇ 5 ಕಡಿತ ಆದರೆ ಮಕ್ಕಳ ಓದಿಗೆ ನಿಜವಾಗಿ ತೊಂದರೆ ಆಗುತ್ತದೆಯೇ?

ನಿಮ್ಮ ಪ್ರಶ್ನೆ ಇಷ್ಟು: ಸ್ಥಳೀಯ ಆಡಳಿತ ಸರ್ಕಾರಿ ಶಾಲೆಗಳಿಗೆ ಕೊಡುವ ಹಣದಲ್ಲಿ ಶೇ 5 ಕಡಿಮೆ ಮಾಡಿದೆ. ಸಭೆಯಲ್ಲಿ ಕೇಳಿದರೆ "ಪೋಲಾಗುವ ಖರ್ಚನ್ನಷ್ಟೇ ಕಡಿಮೆ ಮಾಡಿದ್ದೇವೆ, ಪಾಠಕ್ಕೆ ಏನೂ ಆಗಲ್ಲ" ಅನ್ನುತ್ತಾರೆ. ಇದನ್ನು ನಂಬಬಹುದಾ?

ನಂಬಬೇಡಿ ಅನ್ನುವುದೇ ನನ್ನ ಉತ್ತರ. ನಾನು ಬಹಳ ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದ್ದೇನೆ, ಶಾಲೆಯ ಖರ್ಚುವೆಚ್ಚ ನೋಡುವ ಸಮಿತಿಯಲ್ಲೂ ಕೂತಿದ್ದೇನೆ. ಐದು ಅನ್ನುವ ಸಂಖ್ಯೆ ಚಿಕ್ಕದು, ನಿಜ. ಆದರೆ ಅದು ಹೋಗಿ ಬೀಳುವ ಜಾಗ ಇನ್ನೂ ಚಿಕ್ಕದು.

ಲೆಕ್ಕ ಹಾಕಿ ನೋಡಿ. ಶಾಲೆಗೆ ವರ್ಷಕ್ಕೆ ಬರುವ ಹಣ 100 ಅಂದುಕೊಳ್ಳಿ. ಅದರಲ್ಲಿ ಸುಮಾರು 80 ಸಂಬಳ, ಭತ್ಯೆ, ಪಿಂಚಣಿಗೆ ಹೋಗುತ್ತದೆ. ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಹೆಚ್ಚುಕಡಿಮೆ ಇದೇ ಪಾಲು. ಕರೆಂಟು, ನೀರು, ವಿಮೆ, ಶಾಲಾ ವಾಹನದ ಗುತ್ತಿಗೆ ಎಲ್ಲ ಸೇರಿ ಇನ್ನೊಂದು 12 ಅನ್ನಿ. ಇವುಗಳಲ್ಲಿ ಯಾವುದನ್ನೂ ವರ್ಷದ ಮಧ್ಯೆ ಸುಮ್ನೆ ನಿಲ್ಲಿಸಲು ಆಗುವುದಿಲ್ಲ, ಒಪ್ಪಂದ ಆಗಿರುತ್ತದೆ, ಬಿಲ್ ಬಂದೇ ಬರುತ್ತದೆ. ಉಳಿದದ್ದು 8. ಶೇ 5 ಕಡಿತ ಅಂದರೆ ಈ 8ರಲ್ಲಿ 5 ಹೋಯಿತು, ಅರ್ಧಕ್ಕಿಂತ ಜಾಸ್ತಿ. ಇದರ ಮೇಲೆ ಬೆಲೆ ಏರಿಕೆ ಬೇರೆ ಇದೆ. ಹೋದ ವರ್ಷ ಕೊಟ್ಟಷ್ಟೇ ಈ ವರ್ಷವೂ ಕೊಟ್ಟು, ಖರ್ಚು ಮಾತ್ರ ಏರಿದ್ದರೆ ಅದೂ ಕಡಿತವೇ, ಯಾರೂ ಹಾಗಂತ ಹೇಳುವುದಿಲ್ಲ ಅಷ್ಟೇ. ಇಂಗ್ಲೆಂಡಿನಲ್ಲಿ 2009–10ರಿಂದ 2019–20ರವರೆಗಿನ ಹತ್ತು ವರ್ಷದಲ್ಲಿ, ಬೆಲೆ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಒಬ್ಬ ವಿದ್ಯಾರ್ಥಿಗೆ ಆಗುವ ಖರ್ಚು ಶೇ 9ರಷ್ಟು ಇಳಿಯಿತು.

ಆ 8ರಲ್ಲಿ ಏನಿರುತ್ತದೆ? ದುರಸ್ತಿ, ಲೈಬ್ರರಿ ಪುಸ್ತಕ, ಪ್ರಯೋಗಾಲಯದ ಸಾಮಾನು, ಶಿಕ್ಷಕರ ತರಬೇತಿ, ಆಟದ ಸಾಮಾನು. ಇಷ್ಟೂ ಸಾಲದಿದ್ದರೆ ಆಮೇಲೆ ಕೆಲಸ ಕಾಯಂ ಆಗಿಲ್ಲದವರ ಸರದಿ. ತರಗತಿಯ ಸಹಾಯಕಿಯರು, ಲೈಬ್ರರಿ ನೋಡಿಕೊಳ್ಳುವವರು, ಕೌನ್ಸೆಲರ್, ನರ್ಸ್, ಸಂಗೀತದ ಮೇಷ್ಟ್ರು. "ಪಾಠಕ್ಕೆ ಏನೂ ಆಗಲ್ಲ" ಅನ್ನುವವರು ಇವರು ಪಾಠ ಮಾಡುವುದಿಲ್ಲ ಅಂದುಕೊಂಡಿರುತ್ತಾರೆ.

ಒಬ್ಬ ಸಹಾಯಕಿ ಹೋದರೆ ತರಗತಿಯಲ್ಲಿ ಏನಾಗುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಇದು ಯಾವ ವರದಿಯಲ್ಲೂ ಸರಿಯಾಗಿ ಕಾಣುವುದಿಲ್ಲ. ಮೂವತ್ತು ಮಕ್ಕಳಿರುವ ತರಗತಿಯಲ್ಲಿ ಇಬ್ಬರು ಮೂವರಿಗೆ ಪಕ್ಕದಲ್ಲಿ ಒಬ್ಬರು ಕೂತೇ ಕಲಿಸಬೇಕಾಗಿರುತ್ತದೆ. ಒಬ್ಬನಿಗೆ ಅಕ್ಷರ ಜೋಡಿಸುವುದೇ ಕಷ್ಟ, ಇನ್ನೊಬ್ಬಳು ಮನೆಯಲ್ಲಿ ಬೇರೆ ಭಾಷೆ ಆಡುವವಳು, ಮತ್ತೊಬ್ಬನಿಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ಒಂದೇ ಕಡೆ ಕೂರಲು ಆಗುವುದಿಲ್ಲ. ಸಹಾಯಕಿ ಇದ್ದಾಗ ಅವರೂ ಕಲಿಯುತ್ತಾರೆ, ಉಳಿದವರಿಗೂ ಟೀಚರ್ ಸಿಗುತ್ತಾರೆ. ಅವರು ಹೋದ ಮೇಲೆ ಟೀಚರ್ ಮುಂದೆ ಎರಡೇ ದಾರಿ: ಆ ಮೂವರ ಹತ್ತಿರ ಕೂತು ಉಳಿದವರಿಗೆ ಬರೆಯುವ ಕೆಲಸ ಕೊಡುವುದು, ಇಲ್ಲವೇ ಆ ಮೂವರನ್ನು ಬಿಟ್ಟು ಮುಂದಕ್ಕೆ ಹೋಗುವುದು. ನಾನು ಎರಡನ್ನೂ ಮಾಡಿದ್ದೇನೆ, ಎರಡರಲ್ಲೂ ಮಕ್ಕಳಿಗೆ ನಷ್ಟ ಆಗುವುದನ್ನು ಕಣ್ಣಾರೆ ನೋಡಿದ್ದೇನೆ. ಆ ವರ್ಷದ ಫಲಿತಾಂಶದಲ್ಲಿ ಇದು ಗೊತ್ತೇ ಆಗುವುದಿಲ್ಲ. ಓದಲು ಬಾರದೆಯೇ ಮುಂದಿನ ತರಗತಿಗೆ ಹೋದ ಮಗುವಿಗೆ ಎರಡು ಮೂರು ವರ್ಷದ ನಂತರ ವಿಜ್ಞಾನ ಅರ್ಥವಾಗುವುದಿಲ್ಲ, ಸಮಾಜ ಅರ್ಥವಾಗುವುದಿಲ್ಲ. ಆಗ ಕಡಿತ ಮಾಡಿದವರು ಬೇರೆ ಹುದ್ದೆಯಲ್ಲಿರುತ್ತಾರೆ, ಬೈಗುಳ ಮಾತ್ರ ಆಗ ಪಾಠ ಮಾಡುತ್ತಿರುವ ಟೀಚರ್‌ಗೆ.

ಕಟ್ಟಡದ ಕಥೆಯೂ ಹೀಗೇ. ಸೋರುವ ಮಾಡಿನ ದುರಸ್ತಿಯನ್ನು ಮುಂದಿನ ವರ್ಷಕ್ಕೆ ತಳ್ಳಬಹುದು, ಅದಕ್ಕೇ ತಳ್ಳುತ್ತಾರೆ. 2008ರ ಆರ್ಥಿಕ ಕುಸಿತದ ನಂತರ ಅಮೆರಿಕದಲ್ಲಿ ಇದೇ ಆಯಿತು. ಕಟ್ಟಡ ಮತ್ತು ದೊಡ್ಡ ಸಾಮಗ್ರಿಗಳ ಖರ್ಚು ಒಟ್ಟು ಬಜೆಟ್‌ನಲ್ಲಿ ಚಿಕ್ಕ ಭಾಗ, ಆದರೂ ಕಡಿತದ ಬಹುದೊಡ್ಡ ಪಾಲು ಬಿದ್ದದ್ದು ಅದರ ಮೇಲೆಯೇ. ಇಂಗ್ಲೆಂಡಿನಲ್ಲಿ 2023ರ ಆಗಸ್ಟ್ ಕೊನೆಯಲ್ಲಿ, ಶಾಲೆ ಶುರುವಾಗಲು ಕೆಲವೇ ದಿನ ಇರುವಾಗ, ಹಳೆಯ ಹಗುರ ಕಾಂಕ್ರೀಟಿನ ಮಾಡು ಕುಸಿಯಬಹುದು ಅಂತ 100ಕ್ಕೂ ಹೆಚ್ಚು ಶಾಲೆಗಳಿಗೆ ಕಟ್ಟಡ ಅಥವಾ ಕೆಲವು ಕೋಣೆಗಳನ್ನು ಮುಚ್ಚಲು ಹೇಳಿದರು. ಅದೇ ವರ್ಷ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ, ಸುಮಾರು 7 ಲಕ್ಷ ಮಕ್ಕಳು ಓದುವ ಶಾಲೆಗಳಿಗೆ ದೊಡ್ಡ ಮಟ್ಟದ ದುರಸ್ತಿ ಅಥವಾ ಪುನರ್ನಿರ್ಮಾಣ ಬೇಕಾಗಿದೆ ಎಂದು ವರದಿ ಕೊಟ್ಟಿತ್ತು. ಇದು ಯಾವುದೋ ಒಂದು ವರ್ಷದ ಕಡಿತದಿಂದ ಆದದ್ದಲ್ಲ. ಪ್ರತಿ ವರ್ಷವೂ "ಈ ಸಲ ಬೇಡ" ಅಂದಿದ್ದರ ಫಲ.

ಸಭೆಯಲ್ಲಿ ನಿಮಗೆ ಇನ್ನೊಂದು ವಾದ ಎದುರಾಗುತ್ತದೆ: ಹಣ ಜಾಸ್ತಿ ಕೊಟ್ಟರೆ ಮಕ್ಕಳು ಜಾಸ್ತಿ ಕಲಿಯುತ್ತಾರೆ ಅನ್ನುವುದಕ್ಕೆ ಆಧಾರ ಎಲ್ಲಿದೆ? ಇದು ಹಳೆಯ ವಾದ. 1966ರಲ್ಲಿ ಅಮೆರಿಕದಲ್ಲಿ ಬಂದ ಕೋಲ್‌ಮನ್ ವರದಿ, ಶಾಲೆಯ ಸೌಲಭ್ಯಗಳಿಗಿಂತ ಮನೆಯ ಪರಿಸ್ಥಿತಿಯೇ ಮಕ್ಕಳ ಕಲಿಕೆಯ ಮೇಲೆ ಹೆಚ್ಚು ಪರಿಣಾಮ ಮಾಡುತ್ತದೆ ಅಂತ ಹೇಳಿತ್ತು. ಅದನ್ನೇ ಹಿಡಿದು ದಶಕಗಳ ಕಾಲ "ಹಣದಿಂದ ಏನೂ ಆಗಲ್ಲ" ಅಂದರು. ಆಮೇಲೆ ಬಂದ ಅಧ್ಯಯನಗಳು ಇನ್ನೂ ಗಟ್ಟಿ ಲೆಕ್ಕ ಕೊಟ್ಟಿವೆ. ಕಿರಾಬೊ ಜಾಕ್ಸನ್, ರಕರ್ ಜಾನ್ಸನ್, ಕ್ಲಾಡಿಯಾ ಪರ್ಸಿಕೊ ಎಂಬ ಮೂವರು 2016ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಕೋರ್ಟ್ ತೀರ್ಪುಗಳಿಂದ ಶಾಲೆಗಳಿಗೆ ಹಣ ಹೆಚ್ಚಾದ ಕಡೆ ಓದಿದ ಮಕ್ಕಳನ್ನು ಅವರು ದೊಡ್ಡವರಾಗುವವರೆಗೆ ಗಮನಿಸಿದ್ದಾರೆ. ಶಾಲೆಯ 12 ವರ್ಷವೂ ಶೇ 10 ಹೆಚ್ಚು ಖರ್ಚು ಆಗಿದ್ದರೆ ಆ ಮಕ್ಕಳ ದುಡಿಮೆ ಶೇ 7ರಷ್ಟು ಹೆಚ್ಚಿತ್ತು, ದೊಡ್ಡವರಾದ ಮೇಲೆ ಬಡತನಕ್ಕೆ ಬೀಳುವುದೂ ಕಡಿಮೆಯಾಗಿತ್ತು, ಬಡ ಮನೆಯ ಮಕ್ಕಳಲ್ಲಿ ಪರಿಣಾಮ ಇನ್ನೂ ದೊಡ್ಡದಿತ್ತು. ಜಾಕ್ಸನ್ ಮತ್ತು ಇನ್ನಿಬ್ಬರು 2021ರಲ್ಲಿ ಉಲ್ಟಾ ಪ್ರಶ್ನೆ ಕೇಳಿದರು: ಕಡಿಮೆ ಮಾಡಿದರೆ ಏನಾಗುತ್ತದೆ? 2008ರ ಕುಸಿತದ ನಂತರ ಪ್ರತಿ ವಿದ್ಯಾರ್ಥಿಯ ಖರ್ಚು ಅಮೆರಿಕದಲ್ಲಿ ಸುಮಾರು ಶೇ 7 ಇಳಿದಿತ್ತು. ಹೀಗೆ ಖರ್ಚು ಕಡಿಮೆಯಾದ ಕಡೆ ಪರೀಕ್ಷೆಯ ಅಂಕಗಳು ಇಳಿದವು, ಕಾಲೇಜಿಗೆ ಸೇರುವವರ ಪ್ರಮಾಣವೂ ಇಳಿಯಿತು. ಗಮನಿಸಿ, ಹಣ ಏರಿಸಿದಾಗ ಹೆಚ್ಚು ಲಾಭ ಆದದ್ದು ಬಡ ಮಕ್ಕಳಿಗೇ.

ಸ್ಥಳೀಯ ತೆರಿಗೆಯನ್ನೇ ನೆಚ್ಚಿಕೊಂಡ ಶಾಲೆಗಳಿಗೆ ಇನ್ನೊಂದು ಕಷ್ಟ ಇದೆ. ಅಮೆರಿಕದಲ್ಲಿ ಸರ್ಕಾರಿ ಶಾಲೆಯ ಹಣದ ಅರ್ಧಕ್ಕೆ ಹತ್ತಿರದಷ್ಟು ಸ್ಥಳೀಯವಾಗಿ ಬರುತ್ತದೆ, ಅದರಲ್ಲಿ ಮುಖ್ಯವಾದದ್ದು ಆಸ್ತಿ ತೆರಿಗೆ. ಮನೆ, ಅಂಗಡಿಗಳ ಬೆಲೆ ಕಡಿಮೆ ಇರುವ ಕಡೆ ಜನ ಎಷ್ಟೇ ತೆರಿಗೆ ಕಟ್ಟಿದರೂ ಹಣ ಸಾಲುವುದಿಲ್ಲ. ಇದು ಅನ್ಯಾಯ ಅಂತ ಟೆಕ್ಸಾಸಿನ ಬಡ ಪೋಷಕರು ಸುಪ್ರೀಂ ಕೋರ್ಟಿನವರೆಗೆ ಹೋದರು. 1973ರಲ್ಲಿ 5–4 ಮತಗಳಿಂದ ಅವರಿಗೆ ಸೋಲಾಯಿತು. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಜನರೇ ಮತ ಹಾಕಿ ಆಸ್ತಿ ತೆರಿಗೆಗೆ ಆಸ್ತಿಯ ಬೆಲೆಯ ಶೇ 1ರ ಮಿತಿ ತಂದರು. ಆಮೇಲೆ ಶಾಲೆಗಳು ರಾಜ್ಯದ ಖಜಾನೆಯ ಕೈ ನೋಡುವಂತಾಯಿತು, ಖಜಾನೆಗೆ ಕಷ್ಟ ಬಂದಾಗಲೆಲ್ಲ ಶಾಲೆಗೂ ಕಷ್ಟ. ಕೇಂದ್ರದಿಂದ ಬಂದರೆ ಕ್ಷೇಮ, ಊರಿನಿಂದ ಬಂದರೆ ಅಪಾಯ ಅನ್ನುವಷ್ಟು ಸುಲಭ ಅಲ್ಲ ಇದು. ಹಣ ಯಾವ ದಾರಿಯಲ್ಲಿ ಬಂದರೂ ಬಡ ಪ್ರದೇಶಕ್ಕೆ ಹೆಚ್ಚು ಕೊಡುವ ಸೂತ್ರ ಕಾನೂನಿನಲ್ಲೇ ಬರೆದಿರಬೇಕು ಅನ್ನುವುದು ನನ್ನ ಅಭಿಪ್ರಾಯ.

ಕಡಿತದ ನಂತರ ಶುರುವಾಗುವ ಇಳಿಜಾರಿನ ಬಗ್ಗೆಯೂ ಒಂದು ಮಾತು. ಸಂಗೀತ ಹೋಯಿತು, ತರಗತಿ ದೊಡ್ಡದಾಯಿತು ಅಂತ ಅನುಕೂಲ ಇರುವ ಪೋಷಕರು ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸುತ್ತಾರೆ. ಅನುದಾನ ಮಕ್ಕಳ ಸಂಖ್ಯೆಯ ಮೇಲೆ ಬರುವುದಾದರೆ ಅದೂ ಇಳಿಯುತ್ತದೆ, ಆದರೆ ಹತ್ತು ತರಗತಿಯಿಂದ ಒಬ್ಬೊಬ್ಬರು ಹೋದರೆ ಒಬ್ಬ ಟೀಚರ್ ಕೂಡ ಕಡಿಮೆ ಆಗುವುದಿಲ್ಲ, ಒಂದು ಕೋಣೆಯ ದೀಪವೂ ಆರುವುದಿಲ್ಲ. ಮತ್ತೆ ಕಡಿತ. ಕೊನೆಗೆ "ಮಕ್ಕಳೇ ಇಲ್ಲ, ಮುಚ್ಚೋಣ" ಅನ್ನುತ್ತಾರೆ. ಶಿಕಾಗೊದಲ್ಲಿ 2013ರಲ್ಲಿ ಒಂದೇ ಸಲಕ್ಕೆ ಸುಮಾರು 50 ಶಾಲೆ ಮುಚ್ಚಿದರು. ಮುಚ್ಚುತ್ತೇವೆ ಅಂತ ಹೇಳಿದ ವರ್ಷದಲ್ಲೇ ಆ ಮಕ್ಕಳ ಕಲಿಕೆ ಹಿಂದೆ ಬಿದ್ದದ್ದನ್ನು ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ.

ಪೋಲು ಖರ್ಚು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಯಾರೂ ತೆರೆದು ನೋಡದ ಸಾಫ್ಟ್‌ವೇರ್‌ಗೆ ವರ್ಷ ವರ್ಷ ಹಣ ಕಟ್ಟುವುದನ್ನು ನೋಡಿದ್ದೇನೆ. ಅದನ್ನು ಹುಡುಕಿ ತೆಗೆಯಲು ಸಮಯ ಬೇಕು. ಎಲ್ಲ ಶಾಲೆಗೂ ಒಂದೇ ಶೇ 5 ಅಂತ ಗೆರೆ ಎಳೆದವರು ಏನನ್ನೂ ಹುಡುಕಿಲ್ಲ ಅಂತಲೇ ಅರ್ಥ, ಅಲ್ವಾ?

ಮುಂದಿನ ಸಭೆಗೆ ಹೋದಾಗ ಶೇಕಡಾ ಲೆಕ್ಕದ ಚರ್ಚೆಗೆ ಇಳಿಯಬೇಡಿ. ಹೋದ ವರ್ಷ ಮತ್ತು ಈ ವರ್ಷದ ಬಜೆಟ್ ಅನ್ನು ಬಾಬ್ತುವಾರು ಅಕ್ಕಪಕ್ಕ ಇಟ್ಟು ಕೊಡಿ ಅಂತ ಬರವಣಿಗೆಯಲ್ಲಿ ಕೇಳಿ. ಖಾಲಿ ಬಿಟ್ಟಿರುವ ಹುದ್ದೆಗಳ ಪಟ್ಟಿ ಪ್ರತ್ಯೇಕವಾಗಿ ಕೇಳಿ, ಯಾಕಂದರೆ ನಿವೃತ್ತರಾದವರ ಜಾಗ ತುಂಬದೇ ಇರುವುದು "ಯಾರನ್ನೂ ಕೆಲಸದಿಂದ ತೆಗೆದಿಲ್ಲ" ಅನ್ನುವ ಮಾತಿನ ಒಳಗೆ ಅಡಗಿಹೋಗುತ್ತದೆ. ಮುಂದಕ್ಕೆ ಹಾಕಿದ ದುರಸ್ತಿಗಳ ಪಟ್ಟಿಯನ್ನು, ಪ್ರತಿಯೊಂದನ್ನೂ ಮೊದಲ ಸಲ ಯಾವಾಗ ಕೇಳಿದ್ದರು ಅನ್ನುವ ದಿನಾಂಕದ ಜೊತೆಗೇ ತರಿಸಿಕೊಳ್ಳಿ. ಕಡಿತ ಈ ಒಂದು ವರ್ಷಕ್ಕೆ ಮಾತ್ರವಾ ಅಥವಾ ಮುಂದೆಯೂ ಇದೇ ಮೊತ್ತವಾ ಅನ್ನುವುದನ್ನು ನಡಾವಳಿಯಲ್ಲಿ ಬರೆಸಿ. ಇದನ್ನೆಲ್ಲ ಶಾಲೆ ಶುರುವಾಗುವ ಮೊದಲೇ ಮಾಡಿ. ತರಗತಿ ಹಂಚಿಕೆ ಆಗಿ, ಸಹಾಯಕಿಯರು ಬೇರೆ ಕಡೆ ಕೆಲಸ ಹಿಡಿದ ಮೇಲೆ ಹಣ ವಾಪಸ್ ಬಂದರೂ ಆ ಜನ ವಾಪಸ್ ಸಿಗುವುದು ಕಷ್ಟ.