ಹರಿವೆ ತೊಳೆದರೆ ಸೀಸ ಹೋದೀತೇ?

ಪ್ರಶ್ನೆ: ರೈಲು ಹಳಿ ಪಕ್ಕದಲ್ಲಿ ಗಟಾರದ ನೀರಿಗೆ ಬೆಳೆದ ಪಾಲಕ್, ಕೆಂಪು ಹರಿವೆ (ಇಲ್ಲಿಯವರ ಲಾಲ್ ಮಾಠ್) ನಮ್ಮ ಮಾರ್ಕೆಟ್ಟಿಗೂ ಬರುತ್ತದೆ. ಉಪ್ಪುನೀರಲ್ಲಿ ನೆನೆಸಿದರೆ ಸೀಸ, ಕ್ಯಾಡ್ಮಿಯಂ ಎಂಬ ವಿಷಲೋಹಗಳು ಹೋಗುತ್ತವೆಯೇ? ಸೊಪ್ಪು ನೋಡಲು ಸೊಂಪಾಗಿಯೇ ಇರುತ್ತದಲ್ಲ?
– ಓದುಗರು, ಡೊಂಬಿವಲಿ

ಉತ್ತರ: ಎಲೆಯ ಮೇಲೆ ಅಂಟಿದ ಸೀಸ ಬಹುಪಾಲು ಹೋಗುತ್ತದೆ, ಒಳಗೆ ಸೇರಿದ ಕ್ಯಾಡ್ಮಿಯಂ ಹೋಗುವುದಿಲ್ಲ. ಸೀಸ ಮಣ್ಣಿಗೂ ಬೇರಿಗೂ ಅಂಟಿಕೊಂಡು ಉಳಿಯುತ್ತದೆ, ಮೇಲಕ್ಕೆ ಏರುವುದು ಕಡಿಮೆ. ಎಲೆಯಲ್ಲಿ ಸಿಗುವುದು ಹೆಚ್ಚಾಗಿ ಧೂಳು ಮತ್ತು ಮಳೆಗೆ ಸಿಡಿದ ಕೆಸರು. ಬೇರು ಕತ್ತರಿಸಿ ಬಿಸಾಡಿ, ಎಲೆ ಬಿಡಿಸಿ, ಮೂರು ಸಲ ನೀರು ಬದಲಿಸಿ ತೊಳೆಯಿರಿ. ಉಪ್ಪು ಬೇಕಿಲ್ಲ.

ಕ್ಯಾಡ್ಮಿಯಂ ಕಥೆ ಬೇರೆ. ಸತು, ಕಬ್ಬಿಣ ಒಳಗೆ ಹೋಗುವ ದಾರಿಯಲ್ಲೇ ಅದೂ ನುಸುಳುತ್ತದೆ, ಗಿಡಕ್ಕೆ ಗುರುತು ಸಿಗುವುದಿಲ್ಲ. ಒಳಗೆ ಬಂದ ಮೇಲೆ ಗಿಡ ಫೈಟೋಚೆಲಾಟಿನ್ ಎಂಬ ಗಂಧಕಯುಕ್ತ ಪೆಪ್ಟೈಡ್ ತಯಾರಿಸಿ, ಅದರಿಂದ ಕ್ಯಾಡ್ಮಿಯಂ ಕಟ್ಟಿಹಾಕಿ ಜೀವಕೋಶದೊಳಗಿನ ರಸದ ಚೀಲಕ್ಕೆ (ವ್ಯಾಕ್ಯೂಲ್) ತಳ್ಳುತ್ತದೆ. ಗಿಡಕ್ಕೆ ತೊಂದರೆಯಿಲ್ಲ, ತಿನ್ನುವವರಿಗೆ ಉಂಟು. ಸೊಪ್ಪಿನ ತರಕಾರಿಗೆ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಕಿಲೋಗೆ 0.2 ಮಿ.ಗ್ರಾಂ ಕ್ಯಾಡ್ಮಿಯಂ, 0.3 ಮಿ.ಗ್ರಾಂ ಸೀಸ, ಇದನ್ನು ದಾಟಿದರೂ ಎಲೆ ಹಸಿರಾಗಿಯೇ ಇರಬಹುದು. ಆದ್ದರಿಂದ ಸೊಂಪು ನೋಡಿ ನಂಬಬೇಡಿ. ಬೇಯಿಸಿದರೂ ಲೋಹ ನಾಶವಾಗದು. ಎಲ್ಲಿ ಬೆಳೆದದ್ದು ಎಂದು ತಿಳಿಯದ ಸೊಪ್ಪನ್ನೇ ದಿನವೂ ತಿನ್ನುವ ಬದಲು ಅಲಸಂಡೆ, ಹೀರೆ, ಟೊಮೆಟೊ ನಡುನಡುವೆ ತನ್ನಿ. ಕಾಯಿಗೆ ಲೋಹ ಸೇರುವುದು ಸೊಪ್ಪಿಗಿಂತ ಕಡಿಮೆ.

ಪ್ರಶ್ನೆ: ಬಾಲ್ಕನಿಯ ಕುಂಡಕ್ಕೆ ಊರಿನ ಕೆಂಪು ಮಣ್ಣು ತಂದಿದ್ದೇನೆ. ಬಸಳೆ ನೆಡಬಹುದೇ?
– ಓದುಗರು, ಮುಲುಂಡ್

ಉತ್ತರ: ಧಾರಾಳವಾಗಿ. ಆದರೆ ಕರಾವಳಿಯ ಕೆಂಪು ಮಣ್ಣು ಸಾಮಾನ್ಯವಾಗಿ ಹುಳಿ; ಹುಳಿ ಹೆಚ್ಚಿದಷ್ಟೂ ಮಣ್ಣಲ್ಲಿರುವ ಕ್ಯಾಡ್ಮಿಯಂ ಕರಗಿ ಬೇರಿಗೆ ಸಿಗುತ್ತದೆ. ಪಿಎಚ್ (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) 6ಕ್ಕಿಂತ ಕಡಿಮೆಯಿದ್ದರೆ 10 ಕಿಲೋ ಮಣ್ಣಿಗೆ 10 ಗ್ರಾಂ ಕೃಷಿ ಸುಣ್ಣ ಬೆರೆಸಿ, ಒದ್ದೆಯಾಗಿಟ್ಟು ಎರಡು ವಾರದ ಬಳಿಕ ಮತ್ತೆ ಅಳೆಯಿರಿ. 6.5ರಿಂದ 7 ಸಾಕು. ಸುಣ್ಣ ಅತಿಯಾದರೆ ಕಬ್ಬಿಣ ಸಿಗದೆ ಚಿಗುರು ಹಳದಿಯಾಗುತ್ತದೆ. ಆಗ ಹಲವರು ಗೊಬ್ಬರ ಸಾಲದೆಂದು ಇನ್ನಷ್ಟು ಸುರಿಯುತ್ತಾರೆ! ಕಾಲು ಭಾಗ ಚೆನ್ನಾಗಿ ಕಳಿತ ಕಾಂಪೋಸ್ಟ್ ಸೇರಿಸಿ, ಅದು ಲೋಹವನ್ನು ಹಿಡಿದಿಡುತ್ತದೆ. ಉಪ್ಪು ಬೋರ್‌ವೆಲ್ ನೀರು ಬೇಡ, ಕ್ಲೋರೈಡ್ ಇದ್ದರೆ ಕ್ಯಾಡ್ಮಿಯಂ ಸುಲಭವಾಗಿ ಬೇರು ಸೇರುತ್ತದೆ.

ಹಳೆ ಕಟ್ಟಡವಾದರೆ ಗ್ರಿಲ್‌ನಿಂದ ಉದುರುವ ಬಣ್ಣದ ಚಕ್ಕೆ ಕುಂಡಕ್ಕೆ ಬೀಳದಂತೆ ನೋಡಿಕೊಳ್ಳಿ. ಮನೆಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಷ್ಟೇ.