ಕುದುರೆ ಸವಾರಿಗೆ ಚಳಿಗಾಲದ ಕೋಟು, 150 ಡಾಲರ್ ಒಳಗೆ ಯಾವುದು ಒಳ್ಳೆಯದು?

ಕೆನಡಾದ ಕ್ಯಾಲ್ಗರಿಗೆ ಬಂದು ಮೂರು ತಿಂಗಳಾಗಿದೆ, ವಾರಕ್ಕೊಮ್ಮೆ ಸವಾರಿ ಕಲಿಯಲು ಹೋಗುತ್ತೀರಿ, ಚಳಿ ತಡೆಯಲಾಗುತ್ತಿಲ್ಲ, 150 ಡಾಲರ್ ಒಳಗೆ ಬೆಚ್ಚಗಿನ ಕೋಟು ಬೇಕು. ಇಷ್ಟೇ ಅಲ್ವಾ? ಸಿಗುತ್ತದೆ. ಆದರೆ ಅಂಗಡಿಯಲ್ಲಿ ಕನ್ನಡಿ ಮುಂದೆ ನಿಂತು ಆರಿಸಬೇಡಿ. ಕೂತು ಆರಿಸಿ.

ನಾನು ಮಾಡಿದ ಎಡವಟ್ಟು ಕೇಳಿ. ಶಿವಮೊಗ್ಗದಿಂದ ಬಂದವನಿಗೆ ಮೈನಸ್ 20 ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಹೆದರಿಕೊಂಡು ಮಂಡಿಯವರೆಗೆ ಬರುವ, ಬಾತುಕೋಳಿ ಪುಕ್ಕ ತುಂಬಿದ ದಪ್ಪ ಡೌನ್ ಕೋಟು ತಂದೆ. ಬಸ್ ಸ್ಟಾಪಿನಲ್ಲಿ ನಿಲ್ಲುವುದಕ್ಕೆ ಅದಕ್ಕಿಂತ ಒಳ್ಳೆಯದು ಬೇಡ. ಆದರೆ ಎಡಗಾಲನ್ನು ರಿಕಾಪಿಗೆ, ಅಂದರೆ ಜೀನಿನಿಂದ ನೇತಾಡುವ ಕಾಲಿಡುವ ಬಳೆಗೆ, ಕೊಟ್ಟು ಬಲಗಾಲು ಎತ್ತಿದರೆ ಕಾಲು ಅರ್ಧಕ್ಕೇ ನಿಂತಿತು. ಬಿಗಿಯಾಗಿ ಪಂಚೆ ಸುತ್ತಿಕೊಂಡು ಬೇಲಿ ಹಾರಲು ಹೋದ ಹಾಗಾಯಿತು ನನ್ನ ಪಾಡು. ಹೇಗೋ ಹತ್ತಿ ಕೂತೆ, ಜಿಪ್ ಕೆಳಗಿನಿಂದ ಕಿತ್ತುಕೊಂಡು ಬಂತು. ಹಿಂಭಾಗವೆಲ್ಲ ಮುದ್ದೆಯಾಗಿ ಜೀನಿನ ಮೇಲೆ ಬಿತ್ತು. ಟ್ರಾಟ್, ಅಂದರೆ ಕುದುರೆಯ ಕುಲುಕು ಓಟ, ಶುರುವಾದ ಮೇಲೆ ಪ್ರತಿ ಸಲ ಎದ್ದು ಕೂರುವಾಗಲೂ ನನ್ನ ಕೋಟಿನ ಮೇಲೆ ನಾನೇ ಕೂರುತ್ತಿದ್ದೆ. ಕುದುರೆ ಪಾಪ ಸುಮ್ನೆ ಓಡಿತು. ನಕ್ಕಿದ್ದು ಟೀಚರ್.

ಹಾಗಾಗಿ ಮೊದಲು ನೋಡಬೇಕಾದದ್ದು ಜಿಪ್. ಮೇಲಿನಿಂದಲೂ ಕೆಳಗಿನಿಂದಲೂ ತೆರೆಯುವ ಎರಡು ತಲೆಯ ಜಿಪ್ ಇರಬೇಕು. ಕೂರುವ ಮುಂಚೆ ಕೆಳಗಿನಿಂದ ಸೊಂಟದವರೆಗೆ ಬಿಚ್ಚಿಕೊಂಡರೆ ಕೋಟು ಎರಡು ಕಡೆಗೂ ಹರಡಿಕೊಳ್ಳುತ್ತದೆ. ಆಮೇಲೆ ಬೆನ್ನ ಹಿಂದೆ ನೋಡಿ. ಸವಾರಿಗೆಂದೇ ಹೊಲಿದ ಉದ್ದ ಕೋಟಿನಲ್ಲಿ ಹಿಂದೆ ಸೀಳು ಇರುತ್ತದೆ. ನಡೆಯುವಾಗ ಟಿಚ್ ಬಟನ್ ಹಾಕಿ ಮುಚ್ಚಬಹುದು, ಕುದುರೆ ಹತ್ತುವಾಗ ತೆಗೆಯಬಹುದು. ಆಗ ಕೋಟು ಜೀನಿನ ಆಚೆ ಈಚೆ ಇಳಿದು ನಿಮ್ಮ ತೊಡೆಯನ್ನೂ ಮುಚ್ಚುತ್ತದೆ. ಕುದುರೆ ಮೇಲೆ ಜಾಸ್ತಿ ಚಳಿ ಹಿಡಿಯುವುದು ಎದೆಗಲ್ಲ, ತೊಡೆಗೆ. ಇದು ಅನುಭವದ ಮಾತು.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಕುರ್ಚಿ ಕೇಳಿ, ಅದರ ಒರಗು ನಿಮ್ಮ ಎದೆಯ ಕಡೆ ಬರುವಂತೆ ತಿರುಗಿಸಿ, ಎರಡೂ ಕಡೆ ಕಾಲು ಹಾಕಿ ಕೂರಿ. ಲಗಾಮು ಹಿಡಿದ ಹಾಗೆ ಕೈ ಮುಂದೆ ಚಾಚಿ. ತೋಳು ಮೇಲೆ ಸರಿದು ಮಣಿಕಟ್ಟು ಕಂಡರೆ ಆ ಕೋಟು ಬೇಡ. ಹೊಟ್ಟೆ ಹತ್ತಿರ ಬಟ್ಟೆ ಗಂಟಲಿನವರೆಗೆ ಉಬ್ಬಿ ಬಂದರೂ ಬೇಡ. ಕೊನೆಗೆ ಎರಡು ತೋಳನ್ನೂ ಉಜ್ಜಿ ನೋಡಿ. ಚಿಪ್ಸ್ ಪ್ಯಾಕೆಟ್ ತರಹ ಚರಚರ ಸದ್ದು ಬರುವ ಬಟ್ಟೆ ಕೆಲವು ಕುದುರೆಗಳಿಗೆ ಆಗಿಬರುವುದಿಲ್ಲ. ವೆಲ್ಕ್ರೋ ಅಂತೂ ಇನ್ನೂ ಕೆಟ್ಟದು. ನಾನೊಮ್ಮೆ ಜೇಬಿನ ವೆಲ್ಕ್ರೋ ಪರ್ ಅಂತ ಎಳೆದಾಗ ಕುದುರೆ ಪಕ್ಕಕ್ಕೆ ಜಿಗಿದು, ನಾನು ಅದರ ಕತ್ತು ತಬ್ಬಿಕೊಂಡು ಉಳಿದೆ.

ಇನ್ನು ಬೆಚ್ಚಗಿನ ಮಾತು. ಕ್ಯಾಲ್ಗರಿಯಲ್ಲಿ ಒಂದೇ ದಪ್ಪ ಕೋಟನ್ನು ನಂಬಿಕೊಂಡರೆ ಕಷ್ಟ. ರಾಕಿ ಬೆಟ್ಟ ದಾಟಿ ಬರುವ ಚಿನೂಕ್ ಗಾಳಿ ಬೀಸಿತೆಂದರೆ ಕೆಲವೇ ಗಂಟೆಗಳಲ್ಲಿ 20 ಡಿಗ್ರಿ ಏರಿಬಿಡುತ್ತದೆ. ಬೆಳಿಗ್ಗೆ ನಡುಗುತ್ತಾ ಹೋಗಿ ಮಧ್ಯಾಹ್ನ ಬೆವರುತ್ತಾ ಬರುತ್ತೀರಿ. ಅದೂ ಅಲ್ಲದೆ ಸವಾರಿ ಮಾಡುವಾಗ ಮೈ ಕಾಯುತ್ತದೆ, ಇಳಿದು ಕುದುರೆಯ ಮೈ ಉಜ್ಜಿ ನಿಂತಾಗ ಬೆವರು ತಣ್ಣಗಾಗಿ ಮೈ ಕೊರೆಯುತ್ತದೆ. ಒಳಗೆ ಮೆರಿನೋ ಉಣ್ಣೆಯ ತೆಳು ಅಂಗಿ, ಅದರ ಮೇಲೆ ಫ್ಲೀಸ್ ಅನ್ನುವ ಮೆತ್ತನೆ ಬಟ್ಟೆಯ ಅಂಗಿ, ಹೊರಗೆ ಗಾಳಿ ತಡೆಯುವ ಮಧ್ಯಮ ದಪ್ಪದ ಕೋಟು, ಇಷ್ಟು ಸಾಕು. ಹತ್ತಿ ಬನಿಯನ್ ಮಾತ್ರ ಮನೆಯಲ್ಲೇ ಬಿಡಿ, ಒದ್ದೆಯಾದರೆ ಬೇಗ ಒಣಗುವುದಿಲ್ಲ. ಡೌನ್ ಹಗುರ, ಬೆಚ್ಚಗೆ, ಸರಿ. ಆದರೆ ನೆನೆದರೆ ಪುಕ್ಕ ಅಂಟಿಕೊಂಡು ಕೆಲಸಕ್ಕೆ ಬಾರದು. ಪಾಲಿಯೆಸ್ಟರ್ ತುಂಬಿದ್ದು ಕಡಿಮೆ ಬೆಲೆಗೆ ಸಿಗುತ್ತದೆ, ಒದ್ದೆಯಾದರೂ ಒಂದಿಷ್ಟು ಬಿಸಿ ಉಳಿಸುತ್ತದೆ, ಮಷಿನ್ನಿಗೆ ಹಾಕಬಹುದು. ಲಾಯಕ್ಕೆ ಅದೇ ಸರಿ. ಉಣ್ಣೆಯ ಗುಣ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ನಮ್ಮಜ್ಜ ಮಲೆನಾಡ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದರು. ಕಂಬಳಿ ನೆನೆದು ಭಾರವಾದರೂ ಒಳಗೆ ಬೆಚ್ಚಗೇ ಇರುತ್ತಿತ್ತು.

ಎಲ್ಲಿ ಕೊಳ್ಳುವುದು? ಗ್ರೀನ್‌ಹಾಕ್ ತರಹದ ಕುದುರೆ ಸಾಮಾನಿನ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ, ಆದರೆ ನವೆಂಬರಿನಲ್ಲಿ ಪೂರ್ತಿ ಬೆಲೆ ಕೊಡಬೇಡಿ. ಡಿಸೆಂಬರ್ 26ರ ಬಾಕ್ಸಿಂಗ್ ಡೇ ಅಥವಾ ಫೆಬ್ರುವರಿಯವರೆಗೆ ಕಾಯುವುದಾದರೆ ಬೆಲೆ ಇಳಿಯುತ್ತದೆ. ಬೆಂಗಳೂರಿನಲ್ಲಿ ನೀವು ನೋಡಿರುವ ಡೆಕಾಥ್ಲಾನ್‌ಗೂ ಹೋಗಿ ಸವಾರಿಯ ಬಟ್ಟೆ ನೋಡಿ, ಬಜೆಟ್‌ಗೆ ಹೊಂದುತ್ತದೆ. ನನ್ನ ಈಗಿನ ಕೋಟು ಮಾತ್ರ ಹಳೆಯ ಸಾಮಾನು ಮಾರುವ ಅಂಗಡಿ ವ್ಯಾಲ್ಯೂ ವಿಲೇಜ್‌ನಲ್ಲಿ ಸಿಕ್ಕ ಹಳೆಯ ಸ್ಕೀ ಜಾಕೆಟ್. 35 ಡಾಲರ್ ಕೊಟ್ಟೆ. ಸ್ಕೀ ಜಾಕೆಟ್ ಸೊಂಟದವರೆಗಷ್ಟೇ ಬರುತ್ತದೆ, ಕೈ ಆಡಿಸಲು ಸಲೀಸು, ಜೀನಿನ ಮೇಲೆ ಮುದ್ದೆಯಾಗುವ ಪ್ರಶ್ನೆಯೇ ಇಲ್ಲ. ಉಳಿದ ದುಡ್ಡಿನಲ್ಲಿ ಒಳಗೆ ಫ್ಲೀಸ್ ಇರುವ ಸವಾರಿ ಪ್ಯಾಂಟು ತಂದೆ. ತೊಡೆಯ ಚಳಿಗೆ ಅದೇ ಮದ್ದು. ಸೆಕೆಂಡ್ ಹ್ಯಾಂಡ್ ಅಂತ ಮುಜುಗರ ಬೇಡ. ಲಾಯದಲ್ಲಿ ಎರಡು ವಾರ ಓಡಾಡಿದರೆ ಹೊಸ ಕೋಟೂ ಹಾಗೇ ಕಾಣುತ್ತದೆ.

ಹುಡ್ ಇದ್ದರೆ ಕಿತ್ತು ತೆಗೆಯುವಂತಿರಲಿ. ಗಾಳಿಗೆ ಉಬ್ಬಿ ಹಿಂದಕ್ಕೆ ಎಳೆಯುತ್ತದೆ, ತಲೆಗೆ ಹಾಕಿಕೊಂಡರೆ ಪಕ್ಕದ್ದು ಕಾಣುವುದಿಲ್ಲ. ಜೋತಾಡುವ ದಾರಗಳಿದ್ದರೆ ಕತ್ತರಿಸಿಬಿಡಿ. ನೀವು ವೆಸ್ಟರ್ನ್ ಜೀನಿನಲ್ಲಿ ಕಲಿಯುತ್ತಿದ್ದರೆ ಇದು ಇನ್ನೂ ಮುಖ್ಯ. ಮುಂದೆ ಗೂಟದ ಹಾಗೆ ಎದ್ದು ನಿಂತ ಹಾರ್ನ್‌ಗೆ ದಾರವೋ ಕೋಟಿನ ಅಂಚೋ ಸಿಕ್ಕಿಕೊಂಡರೆ ಇಳಿಯುವಾಗ ನೇತಾಡಬೇಕಾಗುತ್ತದೆ. ಮಫ್ಲರ್ ಕೂಡ ಬೇಡ, ಕೊಳವೆಯಂಥ ನೆಕ್ ವಾರ್ಮರ್ ಹಾಕಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಊರಲ್ಲಿ ಹಾಕಿಕೊಂಡು ಓಡಾಡುವ ದಪ್ಪ ಸ್ನೋ ಬೂಟಿನಲ್ಲೇ ಕುದುರೆ ಹತ್ತಬೇಡಿ. ಅದು ರಿಕಾಪಿನಲ್ಲಿ ಸಿಕ್ಕಿಕೊಂಡರೆ ಬಿದ್ದಾಗ ಕಾಲು ಬಿಡಿಸಿಕೊಳ್ಳಲಾಗದು. ಬೂಟಿನ ಎರಡೂ ಪಕ್ಕ ಒಂದೊಂದು ಬೆರಳಿನಷ್ಟು ಜಾಗ ಉಳಿಯಬೇಕು. ಇದ್ದ ಬೂಟನ್ನು ಮುಂದಿನ ಪಾಠಕ್ಕೆ ತೆಗೆದುಕೊಂಡು ಹೋಗಿ, ಹತ್ತುವ ಮುಂಚೆ ಟೀಚರ್‌ಗೆ ತೋರಿಸಿ.